ನಿಮಗಿದು ಗೊತ್ತೇ? ಜೀಪಿನ ದೊಡ್ಡ ಗಾಲಿ, ಖಾನಾಪುರದ ರಾಡಿ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಅಷ್ಟರಲ್ಲೇ ಬಯಲು ಸರಿದು ಮಲೆನಾಡು ಶುರುವಾಗುತ್ತದೆ. ಒಂದು ದಾರಿ ಲೋಂಡಾ, ಅನಮೋಡ ಹಿಡಿದು ಗೋವಾಕ್ಕೆ ಇಳಿದರೆ, ಇನ್ನೊಂದು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗುತ್ತದೆ. ಈ ಭಾಗದಲ್ಲಿ ಥಾರ್, ಜಿಮ್ನಿ, ಗೂರ್ಖಾದಂಥ ಜೀಪು ಕೊಂಡವರು ಮೊದಲು ಕೈಹಾಕುವುದು ಗಾಲಿಗೇ: ಹೊಸ ಅಲಾಯ್, ದಪ್ಪ ಟೈರು. ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಟೈರಿನ ಮೈಮೇಲಿನ ಬರಹ

● 2020ರ ಥಾರ್‌ನ 18 ಇಂಚಿನ ಗಾಲಿಯ ಮೇಲೆ 255/65 ಆರ್18 ಎಂದಿರುತ್ತದೆ. ಟೈರಿನ ಅಗಲ 255 ಮಿ.ಮೀ. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ಅಂದರೆ ಸುಮಾರು 166 ಮಿ.ಮೀ. ಆರ್ ಎಂದರೆ ರೇಡಿಯಲ್, 18 ಎಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. ಎಲ್ಲ ಕೂಡಿಸಿದರೆ ನೆಲದಿಂದ ನೆತ್ತಿಗೆ ಸುಮಾರು 789 ಮಿ.ಮೀ.

● ರಿಮ್ ದೊಡ್ಡದಾದರೆ ಟೈರೂ ಎತ್ತರವಾಗಬೇಕೆಂದಿಲ್ಲ. 2024ರಲ್ಲಿ ಬಂದ ಥಾರ್ ರಾಕ್ಸ್‌ನ ಮೇಲ್ದರ್ಜೆಯ ಗಾಡಿಗೆ 255/60 ಆರ್19 ಟೈರಿದೆ. ರಿಮ್ ಒಂದು ಇಂಚು ಹಿಗ್ಗಿದರೂ ಒಟ್ಟು ಎತ್ತರ ಅದೇ 789 ಮಿ.ಮೀ. ಕಡಿಮೆಯಾಗಿದ್ದು ಪಕ್ಕದ ರಬ್ಬರ್: 166ರಿಂದ 153 ಮಿ.ಮೀ.ಗೆ.

● ಕಲ್ಲುದಾರಿಗೆ ದೊಡ್ಡ ರಿಮ್ಮಿಗಿಂತ ಚಿಕ್ಕ ರಿಮ್ಮೇ ಮೇಲು. ಅದೇ 2020ರ ಥಾರ್‌ನ ಇನ್ನೊಂದು ಮಾದರಿಗೆ ಕಂಪನಿ ಕೊಟ್ಟದ್ದು 245/75 ಆರ್16. ಅದರ ಪಕ್ಕದ ಗೋಡೆ 184 ಮಿ.ಮೀ. ರಬ್ಬರ್ ಹೆಚ್ಚಿದ್ದಷ್ಟೂ ಕಲ್ಲಿನ ಪೆಟ್ಟು ರಿಮ್ಮಿಗೆ ತಾಗುವುದು ಕಡಿಮೆ.

● ಅಳತೆಯ ಪಕ್ಕದಲ್ಲೇ ಇರುವ ಅಂಕಿ ಮತ್ತು ಅಕ್ಷರ ಟೈರಿನ ತಾಕತ್ತು ಹೇಳುತ್ತವೆ. 109 ಎಂದರೆ ಒಂದು ಟೈರು 1,030 ಕೆ.ಜಿ. ಹೊರಬಲ್ಲದು, 112 ಎಂದರೆ 1,120 ಕೆ.ಜಿ. ಕ್ಯೂ ಅಕ್ಷರಕ್ಕೆ ವೇಗದ ಮಿತಿ ಗಂಟೆಗೆ 160 ಕಿ.ಮೀ., ಎಸ್‌ಗೆ 180, ಎಚ್‌ಗೆ 210. ಕೆಸರಿನ ಟೈರುಗಳಲ್ಲಿ ಕ್ಯೂ ಅಕ್ಷರವೇ ಹೆಚ್ಚು. ಹಳೆಯ ಟೈರಿಗಿಂತ ಕಡಿಮೆ ಭಾರ ಹೊರುವ ಟೈರನ್ನು ಎಂದೂ ಹಾಕಿಸಬೇಡಿ.

● ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಟೈರಿನ ಜನ್ಮಪತ್ರ. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಐದೂ ಟೈರುಗಳ ಈ ಅಂಕಿ ಓದಿದ ಮೇಲೆಯೇ ದುಡ್ಡು ಎಣಿಸಿ.

● ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ರೂಪಿಸಿದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. ಭಾರತದಲ್ಲಿ ರೇಡಿಯಲ್ ಟೈರು ಬಂದದ್ದು 1977ರಲ್ಲಿ, ಜೆಕೆ ಟೈರ್ ಮೂಲಕ. ಕರ್ನಾಟಕದ್ದೇ ಆಗಿದ್ದ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಅದೇ ಕಂಪನಿಯ ಕೈಸೇರಿತು.

● ಎರಡನೇ ಮಹಾಯುದ್ಧ ಗೆದ್ದುಕೊಟ್ಟ ವಿಲ್ಲಿಸ್ ಜೀಪಿನ ಟೈರು 6.00-16. ಬರೀ ಆರು ಇಂಚು ಅಗಲ! ಕಾಡು, ಮರಳು, ಹಿಮ ಎಲ್ಲವನ್ನೂ ಅದೇ ಸಪೂರ ಟೈರಿನಲ್ಲಿ ದಾಟಿತು. 1947ರಿಂದ ಮಹೀಂದ್ರಾ ಇಲ್ಲಿ ಜೋಡಿಸಿದ್ದೂ ಆ ವಿಲ್ಲಿಸ್ ಜೀಪುಗಳನ್ನೇ.

ರಿಮ್ಮಿನ ಸಂಗತಿ

● ಅಲಾಯ್ ಗಾಲಿಯ ಮೂಲದ್ರವ್ಯ ಅಲ್ಯೂಮಿನಿಯಂ, ಅಲ್ಯೂಮಿನಿಯಂಗೆ ಮೂಲ ಅಲ್ಯೂಮಿನಾ. ಆ ಅಲ್ಯೂಮಿನಾ ತಯಾರಿಸುವ ಹಿಂಡಾಲ್ಕೊ ಕಾರ್ಖಾನೆ ಬೆಳಗಾವಿಯಲ್ಲೇ ಇದೆ. ಇನ್ನೊಂದೆಡೆ ಉದ್ಯಮಬಾಗದ ಫೌಂಡ್ರಿಗಳು ಎರಕದ ಕೆಲಸಕ್ಕೆ ಹೆಸರುವಾಸಿ. ಎರಕದಲ್ಲಿ ಗಾಳಿಗುಳ್ಳೆ ಉಳಿದರೆ ಲೋಹ ಎಲ್ಲಿ ಬಿರಿಯುತ್ತದೆಂದು ಈ ಊರಿನ ಕೆಲಸಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

● ಉಕ್ಕಿನ ರಿಮ್ ಪೆಟ್ಟಿಗೆ ಬಗ್ಗುತ್ತದೆ, ಅಲಾಯ್ ಬಿರಿಯುತ್ತದೆ. ಬಗ್ಗಿದ ಉಕ್ಕಿನ ಅಂಚನ್ನು ದಾರಿಬದಿಯಲ್ಲಿ ಸುತ್ತಿಗೆಯಿಂದ ತಟ್ಟಿ ಊರು ಮುಟ್ಟಬಹುದು. ಬಿರುಕು ಬಿಟ್ಟ ಅಲಾಯ್‌ಗೆ ಬೆಸುಗೆ ಹಾಕಿಸಿ ಘಾಟಿ ಇಳಿಯುವುದು ಜೀವದ ಜೊತೆ ಆಟ.

● ಒಳ್ಳೆಯ ಅಲಾಯ್ ರಿಮ್ಮಿನ ಮೇಲೆ ಜೆಡಬ್ಲ್ಯೂಎಲ್ ಮತ್ತು ವಿಐಎ ಗುರುತು ಕಾಣಬಹುದು. ಮೊದಲನೆಯದು ಜಪಾನಿನ ಗಾಲಿ ಗುಣಮಟ್ಟ, ಎರಡನೆಯದು ಆ ಪರೀಕ್ಷೆಯ ನೋಂದಣಿ. ಭಾರತದ ಗುರುತು ಐಎಸ್‌ಐ. ಯಾವ ಗುರುತೂ ಇಲ್ಲದ ರಿಮ್ ಎಷ್ಟು ಹೊಳೆದರೂ ಬೇಡ.

● ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಗೆ ಸೇನೆಯ ಜಿಪ್ಸಿ ಹಳೆಯ ಪರಿಚಯ. 1985ರ ಆ ಜಿಪ್ಸಿಗೂ 2023ರ ಜಿಮ್ನಿಗೂ ಬೋಲ್ಟುಗಳ ವೃತ್ತ ಒಂದೇ: ಐದು ಬೋಲ್ಟು, 139.7 ಮಿ.ಮೀ. ಅಂದರೆ ಸರಿಯಾಗಿ ಐದೂವರೆ ಇಂಚು.

● ಬೋಲ್ಟು ಕೂತ ಮಾತ್ರಕ್ಕೆ ಗಾಲಿ ಹೊಂದಿತೆಂದಲ್ಲ. ರಿಮ್ಮಿನ ನಡುವಿನ ತೂತು, ಅಂದರೆ ಸೆಂಟರ್ ಬೋರ್, ಹಬ್ಬಿಗೆ ಬಿಗಿಯಾಗಿ ಕೂರಬೇಕು. ತೂತು ದೊಡ್ಡದಿದ್ದರೆ ಗಾಲಿ ಮಧ್ಯಕ್ಕೆ ಕೂರದೆ, ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಮಧ್ಯೆ ಬಳೆ ಹಾಕಿ ಸರಿಪಡಿಸಬಹುದು. ತೂತು ಚಿಕ್ಕದಿದ್ದರೆ ರಿಮ್ ಕೂರುವುದೇ ಇಲ್ಲ.

● ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಅಂದರೆ ಆಫ್‌ಸೆಟ್, 40ರಿಂದ 10 ಮಿ.ಮೀ.ಗೆ ಇಳಿದರೆ, ರಿಮ್ಮಿನ ಅಗಲ ಅಷ್ಟೇ ಇದ್ದರೂ, ಪ್ರತಿ ಗಾಲಿ 30 ಮಿ.ಮೀ. ಹೊರಗೆ ಸರಿಯುತ್ತದೆ. ಎರಡೂ ಬದಿ ಸೇರಿ ಗಾಡಿ 60 ಮಿ.ಮೀ. ಅಗಲವಾಗಿ ನಿಲ್ಲುತ್ತದೆ. ನೋಡಲು ಗಟ್ಟಿಮುಟ್ಟು, ನಿಜ. ಆದರೆ ಬೇರಿಂಗ್ ಮೇಲಿನ ಒತ್ತಡ ಏರುತ್ತದೆ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ, ಮಡ್‌ಗಾರ್ಡಿನ ಹೊರಗೆ ಬಂದ ಟೈರು ಹಿಂದಿನ ಬೈಕಿನವರ ಮುಖಕ್ಕೆ ಕಲ್ಲು, ರಾಡಿ ಎರಚುತ್ತದೆ.

● ಹೊಸ ರಿಮ್ಮಿಗೆ ಹಳೆಯ ನಟ್ಟು ಹೊಂದದಿರಬಹುದು. ಕೆಲವು ನಟ್ಟಿನ ಬುಡ ಶಂಕುವಿನಾಕಾರ, ಕೆಲವದು ಗುಂಡು, ಕೆಲವದು ಚಪ್ಪಟೆ. ತಪ್ಪು ನಟ್ಟು ಬಿಗಿಯಾದಂತೆ ಕಂಡರೂ ಓಡುತ್ತಾ ಸಡಿಲವಾಗುತ್ತದೆ. ನಟ್ಟುಗಳನ್ನು ಸಾಲಾಗಿ ಸುತ್ತ ಬಿಗಿಯದೆ ಎದುರುಬದುರು ಬಿಗಿಸಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ಪಾನಾದಿಂದ ಮತ್ತೊಮ್ಮೆ ನೋಡಿಸಬೇಕು.

ಟೈರು ಎತ್ತರವಾದರೆ

● ಲಿಫ್ಟ್ ಕಿಟ್ ಹಾಕಿದರೆ ಮೇಲೇರುವುದು ಗಾಡಿಯ ಮೈ ಮಾತ್ರ. ಗಟ್ಟಿ ಆಕ್ಸಲ್ ಇರುವ ಜೀಪಿನಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವ ಡಿಫರೆನ್ಷಿಯಲ್ ಗುಂಡನ್ನು ಎತ್ತಬಲ್ಲದ್ದು ದೊಡ್ಡ ಟೈರೊಂದೇ. ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. 789 ಮಿ.ಮೀ. ಟೈರು ತೆಗೆದು 831 ಮಿ.ಮೀ. ಇರುವ 285/70 ಆರ್17 ಹಾಕಿದರೆ ಸಿಗುವ ಎತ್ತರ 21 ಮಿ.ಮೀ.

● ಆ 21 ಮಿ.ಮೀ.ಗೆ ಬೆಲೆ ತೆರಬೇಕು. ಕಂಪನಿ ಟೈರು ಒಂದು ಕಿ.ಮೀ.ಗೆ ಸುಮಾರು 404 ಸುತ್ತು ತಿರುಗಿದರೆ ದೊಡ್ಡದು 383 ಸುತ್ತು. ಮೊದಲು ಸರಿಯಾಗಿ ತೋರಿಸುತ್ತಿದ್ದ ಮೀಟರ್ ಈಗ 80 ಅಂದರೆ ಗಾಡಿ ಓಡುತ್ತಿರುವುದು 84ರಲ್ಲಿ. 10,000 ಕಿ.ಮೀ. ದಾಖಲಾಗುವ ಹೊತ್ತಿಗೆ ನಿಜವಾಗಿ ಓಡಿದ್ದು 10,500 ದಾಟಿರುತ್ತದೆ. ಸರ್ವೀಸಿನ ಲೆಕ್ಕ, ಮೈಲೇಜಿನ ಲೆಕ್ಕ ಎರಡೂ ತಪ್ಪುತ್ತವೆ.

● ಎಳೆಯುವ ಬಲವೂ ಸುಮಾರು ಶೇ 5ರಷ್ಟು ಕುಗ್ಗುತ್ತದೆ. ಮೇಲಾಗಿ ತೂಕದ ಟೈರನ್ನು ತಿರುಗಿಸಲು ಎಂಜಿನ್ನಿಗೂ ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ. ಚೋರ್ಲಾದ ಏರಿನಲ್ಲಿ ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡನೆಯದನ್ನು ಕೇಳುತ್ತದೆ.

● ಅನುಭವಿಗಳು ಪಾಲಿಸುವ ಗಡಿ: ಒಟ್ಟು ವ್ಯಾಸದ ಏರಿಕೆ ಶೇ 3 ಮೀರಬಾರದು. ಥಾರ್‌ಗೆ 265/70 ಆರ್17 ಹಾಕಿದರೆ ವ್ಯಾಸ 803 ಮಿ.ಮೀ., ಏರಿಕೆ ಶೇ 1.8. ಜಿಮ್ನಿಯ 195/80 ಆರ್15 ಬದಲು 215/75 ಆರ್15 ಹಾಕಿದರೆ 693ರಿಂದ 703 ಮಿ.ಮೀ., ಏರಿಕೆ ಶೇ 1.5. ಇವು ಗಡಿಯ ಒಳಗಿವೆ. ಮೇಲೆ ಹೇಳಿದ 285/70 ಆರ್17 ಶೇ 5.3 ಏರಿ ಗಡಿ ಮೀರುತ್ತದೆ.

● ಅಂಗಡಿ ಮುಂದೆ ನೆಟ್ಟಗೆ ನಿಂತ ಗಾಡಿಯಲ್ಲಿ ಟೈರು ಎಲ್ಲೂ ತಾಗದು. ಸ್ಟೇರಿಂಗ್ ಪೂರ್ತಿ ಹೊರಳಿಸಿ, ಒಂದು ಗಾಲಿಯನ್ನು ದಿಬ್ಬಕ್ಕೆ ಏರಿಸಿ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ನೋಡಿ. ಮಡ್‌ಗಾರ್ಡಿನ ಒಳಗೆ, ಚಾಸಿಗೆ, ಬ್ರೇಕ್ ಹೋಸಿಗೆ ಉಜ್ಜುವುದು ಆಗಲೇ.

● ನಾಲ್ಕು ಹೊಸ ಟೈರು, ಹಿಂಬದಿ ಬಾಗಿಲಲ್ಲಿ ಹಳೆಯ ಸ್ಟೆಪ್ನಿ: ಇದು ಉಳಿತಾಯವಲ್ಲ. ಅಳತೆ ಬೇರೆಯಾದ ಟೈರಿನಲ್ಲಿ ಫೋರ್ ವೀಲ್ ಹಾಕಿದರೆ ಹಿಂದಿನ, ಮುಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳು ಸವೆಯುತ್ತವೆ. ಐದೂ ಒಂದೇ ಇರಲಿ. ಐದನೆಯದರ ಭಾರಕ್ಕೆ ಬಾಗಿಲ ತಿರುಗಣಿ ಜೋತು ಬಿದ್ದಿದೆಯೇ ಎಂದೂ ಆಗಾಗ ನೋಡಿ.

ಮಳೆ, ಮಣ್ಣು, ಘಾಟಿ

● ಖಾನಾಪುರ ತಾಲ್ಲೂಕಿನ ಆಮಗಾಂವ್‌ನಲ್ಲಿ 2010ರಲ್ಲಿ 10,000 ಮಿ.ಮೀ.ಗೂ ಹೆಚ್ಚು ಮಳೆ ದಾಖಲಾಗಿತ್ತು. ಆಗುಂಬೆಯನ್ನೂ ಹಿಂದಿಕ್ಕಿದ ಊರು ಅದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಎರಡಕ್ಕೂ ಈ ಸೀಮೆಯ ಮಳೆಯೇ ತಾಯಿಬೇರು.

● ಖಾನಾಪುರದ ಹಂಚು, ಮಡಕೆಗಳಿಗೆ ಹೆಸರು ತಂದದ್ದು ಇಲ್ಲಿಯ ಜೇಡಿಮಣ್ಣು. ಕುಂಬಾರಿಕೆ ಕಲಿಸುವ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರ ಸಂಸ್ಥೆ ಈ ಊರಿನಲ್ಲಿದೆ. ಕುಂಬಾರನ ಕೈಗೆ ಅಂಟಿ ಬರುವ ಆ ಗುಣವೇ ಟೈರಿಗೆ ಶತ್ರು. ಮಣ್ಣು ಪಟ್ಟೆಗಳ ಸಂದಿ ತುಂಬಿದೊಡನೆ ಟೈರು ನುಣುಪಾಗಿ, ಗಾಲಿ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

● ಎಂಟಿ ಎಂಬ ಕೆಸರಿನ ಟೈರಿಗೆ ದಪ್ಪ ಗಟ್ಟೆಗಳು, ಅಗಲ ಸಂದಿ. ತಿರುಗುವ ರಭಸಕ್ಕೆ ತುಂಬಿದ ಮಣ್ಣನ್ನು ತಾನೇ ಕೊಡವಿಕೊಳ್ಳುತ್ತದೆ. ಜಿಲ್ಲೆಯ ಪೂರ್ವದ ಎರೆಭೂಮಿಯಲ್ಲೂ ಇದೇ ಗುಣ ನೆರವಿಗೆ ಬರುತ್ತದೆ.

● ಅದೇ ಎಂಟಿ ಟೈರು ಒದ್ದೆ ಡಾಂಬರಿನ ಮೇಲೆ ಕೈಕೊಡುತ್ತದೆ. ಸಂದಿ ಹೆಚ್ಚಿದ್ದಷ್ಟೂ ರಸ್ತೆಗೆ ಮುಟ್ಟುವ ರಬ್ಬರ್ ಕಡಿಮೆ, ಬ್ರೇಕ್ ಹಾಕಿದಾಗ ನಿಲ್ಲಲು ಬೇಕಾದ ದೂರ ಹೆಚ್ಚು. ಜುಲೈ ಮಳೆಯಲ್ಲಿ ಚೋರ್ಲಾದ ತಿರುವು ಇಳಿಯುವವರು ಇದನ್ನು ನೆನಪಿಡಲೇಬೇಕು.

● ಬೆಳಗಾವಿಯಲ್ಲಿ ಕೆಲಸ, ವಾರಕ್ಕೊಮ್ಮೆ ಖಾನಾಪುರದ ಹೊಲ ಅನ್ನುವವರಿಗೆ ಒಪ್ಪುವುದು ಎಟಿ, ಅಂದರೆ ಎಲ್ಲ ಬಗೆಯ ದಾರಿಯ ಟೈರು. ಹೆದ್ದಾರಿಯಲ್ಲಿ ಸದ್ದು ಕಡಿಮೆ, ಕೆಸರಿನಲ್ಲಿ ಸಾಕಷ್ಟು ಹಿಡಿತ. ವರ್ಷವಿಡೀ ಡಾಂಬರು ಬಿಟ್ಟಿಳಿಯದ ಗಾಡಿಗೆ ಕಂಪನಿಯ ಎಚ್‌ಟಿ, ಅಂದರೆ ಹೆದ್ದಾರಿ ಟೈರಿಗಿಂತ ಒಳ್ಳೆಯದಿಲ್ಲ.

● ಟೈರು ಬದಲಿಸುವ ಮೊದಲು ಪುಕ್ಕಟೆಯಾಗಿ ಹಿಡಿತ ಹೆಚ್ಚಿಸುವ ದಾರಿಯೊಂದಿದೆ: ಹವಾ ಇಳಿಸುವುದು. ಮಣ್ಣುದಾರಿಯಲ್ಲಿ 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ಹಿಡಿಯುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚುವ ಅಪಾಯವಿದೆ.

● ಡಾಂಬರು ಸಿಕ್ಕೊಡನೆ ಮತ್ತೆ ಹವಾ ತುಂಬಿಸಲೇಬೇಕು. ಅಮೆರಿಕದ ನಾಸಾದಲ್ಲಿ ವಿಮಾನದ ಟೈರುಗಳ ಮೇಲೆ ನಡೆದ ಅಧ್ಯಯನದಿಂದ ಬಂದ ಸೂತ್ರದಂತೆ, ನೀರು ನಿಂತ ರಸ್ತೆಯಲ್ಲಿ 33 ಪಿಎಸ್‌ಐ ಇರುವ ಟೈರು ನೀರಿನ ಮೇಲೆ ತೇಲತೊಡಗುವುದು ಗಂಟೆಗೆ ಸುಮಾರು 95 ಕಿ.ಮೀ. ವೇಗದಲ್ಲಿ. 20 ಪಿಎಸ್‌ಐ ಇದ್ದರೆ ಸುಮಾರು 75ರಲ್ಲೇ! ಕಾರಿನ ಟೈರಿಗೆ ಇದು ಅಂದಾಜು ಲೆಕ್ಕವಷ್ಟೇ, ಆದರೂ ಎಚ್ಚರಿಕೆಗೆ ಸಾಕು.

● ಹವಾ ನೋಡಿಸುವುದು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ. ಉಷ್ಣಾಂಶ 5ರಿಂದ 6 ಡಿಗ್ರಿ ಏರಿದರೆ ಹವಾ ಸುಮಾರು 1 ಪಿಎಸ್‌ಐ ಏರುತ್ತದೆ.

● ಥಾರ್ ದಾಟಬಲ್ಲ ನೀರಿನ ಆಳ 650 ಮಿ.ಮೀ. ಎಂದು ಕಂಪನಿ ಹೇಳುತ್ತದೆ, ಗೂರ್ಖಾಕ್ಕೆ 700. ದೊಡ್ಡ ಟೈರು ಹಾಕಿದ ಮಾತ್ರಕ್ಕೆ ಆ ಮಿತಿ ಬದಲಾಗದು. ಅದು ನಿಂತ ನೀರಿನ ಲೆಕ್ಕ. ಹರಿಯುವ ಹಳ್ಳದಲ್ಲಿ ಟೈರಿನೊಳಗಿನ ಗಾಳಿಯೇ ಗಾಡಿಯನ್ನು ತೇಲಿಸಲು ನೆರವಾಗುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಕಾಯುವುದೊಂದೇ ದಾರಿ.

● 2023ರಿಂದ ಥಾರ್ ಎಂಜಿನ್ ಬಲ ಹಿಂಗಾಲಿಗಳಿಗೆ ಮಾತ್ರ ಹೋಗುವ ಮಾದರಿಯಲ್ಲೂ ಸಿಗುತ್ತಿದೆ. ಅದಕ್ಕೆ ಎಂಥ ಟೈರು ತೊಡಿಸಿದರೂ ಫೋರ್ ವೀಲ್ ಆಗದು.

● ಕೆಸರಿನಲ್ಲಿ ಗಾಡಿ ಓಡಿಸುವ ಕಸುಬು ನೋಡಬೇಕೇ? ಮಲೇಷ್ಯಾ ಮೂಲದ ರೇನ್‌ಫಾರೆಸ್ಟ್ ಚಾಲೆಂಜ್ ಸ್ಪರ್ಧೆಯ ಭಾರತದ ಆವೃತ್ತಿ 2014ರಲ್ಲಿ ಮಳೆಗಾಲದ ಗೋವಾದಲ್ಲಿ ಶುರುವಾಯಿತು. ಘಾಟಿ ಇಳಿದರೆ ಸಿಗುವ ನೆರೆಯೂರಿನ ಸ್ಪರ್ಧೆಯದು. ಅಲ್ಲಿಯ ದೈತ್ಯ ಟೈರುಗಳು ಸ್ಪರ್ಧೆಯ ಕಣಕ್ಕೆ, ಬೆಳಗಾವಿಯ ಕಾಲೇಜು ರಸ್ತೆಗಲ್ಲ.

ಕಾನೂನು ಏನನ್ನುತ್ತದೆ?

● ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

● ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೂ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ನಿಮ್ಮ ಗಾಡಿಯ ಬೇರೆ ಮಾದರಿಗೆ ಕಂಪನಿಯೇ ಕೊಡುವ ಅಳತೆಯನ್ನು ಆರಿಸುವುದು ಎಲ್ಲಕ್ಕಿಂತ ಕ್ಷೇಮ. ಅದನ್ನೂ ಮೀರುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

● ಕಾರು, ಜೀಪುಗಳ ಟೈರಿನ ಪಟ್ಟೆ 1.6 ಮಿ.ಮೀ.ಗಿಂತ ಕಡಿಮೆ ಆಳ ಇರಬಾರದು. ಸಂದಿಯೊಳಗೆ ಅಲ್ಲಲ್ಲಿ ಕಾಣುವ ಸಣ್ಣ ರಬ್ಬರ್ ದಿಂಡು ಅದರ ಗುರುತು. ಪಟ್ಟೆ ಆ ದಿಂಡಿನ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು.

● ಹೊರಗೆ ಹಾಕಿಸಿದ ಅಲಾಯ್ ವಿಮೆಯಲ್ಲಿ ತಾನಾಗಿ ಸೇರುವುದಿಲ್ಲ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಬಿಲ್ಲು ಕೊಟ್ಟು, ಪಾಲಿಸಿಯಲ್ಲಿ ದಾಖಲಿಸಿಕೊಳ್ಳಿ.

● ಭೀಮಗಡ 2011ರಿಂದ ವನ್ಯಜೀವಿಧಾಮ, ವಿಸ್ತಾರ ಸುಮಾರು 190 ಚದರ ಕಿ.ಮೀ. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನ ಅತಿ ವಿರಳ ಬಾವಲಿಗಳಲ್ಲೊಂದಾದ ರಾಟನ್ ಬಾವಲಿ ನೆಲೆಸಿದೆ. ಅನುಮತಿಯಿಲ್ಲದೆ ಈ ಕಾಡಿನೊಳಗೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಲಿ ಕೊರೆದ ಗಾಡಿಜಾಡು ಮುಂದಿನ ಮಳೆಗೆ ಕಾಲುವೆಯಾಗಿ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಹಳೆಯ ಟೈರು ಏನಾಗಬೇಕು?

● ಹಿತ್ತಲಲ್ಲಿ ಬಿಸಾಡಿದ ಟೈರಿನಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತವರು. ಸುಟ್ಟರೆ ವಿಷದ ಹೊಗೆ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಹಳೆಯ ಟೈರುಗಳ ಮರುಬಳಕೆಯ ಹೊಣೆ ತಯಾರಕರದ್ದು. ಟೈರು ಕೊಂಡ ಅಂಗಡಿಗೇ ಹಳೆಯದನ್ನು ಮರಳಿಸಿ.

● ಹೊಸ ಗಾಲಿ ಹಾಕಿದ ದಿನವೇ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಪ್ರತಿ 8,000ದಿಂದ 10,000 ಕಿ.ಮೀ.ಗೆ ಟೈರುಗಳ ಜಾಗ ಅದಲು ಬದಲು ಮಾಡಿಸಿ.

● ಭೀಮಗಡದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕಾಯಿಲೆಯವರನ್ನು ಹೆಗಲ ಮೇಲೆ ಹೊತ್ತು ಕಾಡುದಾರಿ ದಾಟಿಸಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ರಾಡಿಯಲ್ಲಿ ಸಾಗಬಲ್ಲ ಗಾಡಿಯ ನಿಜವಾದ ಬೆಲೆ ಗೊತ್ತಿರುವುದು ಅವರಿಗೆ. ನಿಮ್ಮಲ್ಲಿ ಅಂಥ ಗಾಡಿ ಇದ್ದರೆ ಅದನ್ನು ಸುಸ್ಥಿತಿಯಲ್ಲಿಡಿ, ಕಷ್ಟಕಾಲಕ್ಕೆ ಆಗುವಂತೆ ಇಡಿ. ಟೈರು ಆರಿಸುವಾಗ ಪಕ್ಕದ ಮನೆಯ ಗಾಡಿ ನೋಡಬೇಡಿ, ವರ್ಷಕ್ಕೆ ಹೆಚ್ಚು ದಿನ ನೀವು ಓಡಾಡುವ ದಾರಿ ನೋಡಿ. ಅಳತೆಯ ಏರಿಕೆ ಶೇ 3ರ ಒಳಗಿರಲಿ, ಐದೂ ಟೈರು ಒಂದೇ ಇರಲಿ, ಕಾಗದಪತ್ರ ಸರಿಯಿರಲಿ, ಹವಾ ಸರಿಯಿರಲಿ.